ಸೊಂಟದ ರಿವಾಲ್ವರ್, ಗಡಿಯ ಕಲ್ಲು

2025ರ ಸೆಪ್ಟೆಂಬರ್ 16ರ ಸಂಜೆ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಮುಸುಕುಧಾರಿಗಳು ಬ್ಯಾಂಕ್ ಶಾಖೆಯೊಂದಕ್ಕೆ ನುಗ್ಗಿದರು. ಪಿಸ್ತೂಲು ತೋರಿಸಿ ಸಿಬ್ಬಂದಿಯ ಕೈಕಾಲು ಕಟ್ಟಿದರು. ನಗದು, ಚಿನ್ನ ದೋಚಿಕೊಂಡು ಮಹಾರಾಷ್ಟ್ರದ ಕಡೆಗೆ ಓಡಿದರು. ಅವರು ಬಳಸಿದ ವಾಹನ ಸಿಕ್ಕಿದ್ದು ಸೋಲಾಪುರ ಜಿಲ್ಲೆಯ ಮಂಗಳವೇಢ ತಾಲೂಕಿನ ಹುಲಜಂತಿಯಲ್ಲಿ. ಅದೇ ವರ್ಷದ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಇಬ್ಬರು ಬೈಕ್ ಸವಾರರು ಗುಂಡು ಹಾರಿಸಿ ಒಬ್ಬರನ್ನು ಕೊಂದಿದ್ದರು. ಆ ಸಂಜೆಯೇ ಅವರು ಹೈದರಾಬಾದಿನಲ್ಲಿ ಮತ್ತೊಮ್ಮೆ ಗುಂಡು ಹಾರಿಸಿದರು. ಮರುದಿನ, ಜನವರಿ 17ರಂದು, ತಲಪಾಡಿ ಗಡಿಗೆ ಹತ್ತಿರದ ಕೋಟೆಕಾರಿನ ಸಹಕಾರಿ ಬ್ಯಾಂಕಿನಲ್ಲಿ ಹಾಡಹಗಲೇ ದರೋಡೆ ನಡೆಯಿತು. ಆ ಪ್ರಕರಣದ ಆರೋಪಿಗಳಲ್ಲಿ ಕೆಲವರು ಸಿಕ್ಕಿಬಿದ್ದದ್ದು ತಮಿಳುನಾಡಿನಲ್ಲಿ.

ಮೂರೂ ಪ್ರಕರಣಗಳು ಕರ್ನಾಟಕದ ಅಂಚಿನಲ್ಲಿ ನಡೆದವು. ಮೂರರಲ್ಲೂ ಕಳ್ಳರಿಗೆ ಗಡಿ ಎಂಬುದು ಅನುಕೂಲದ ವಸ್ತುವಾಯಿತು. ಇಂಥ ಸುದ್ದಿ ಬಂದ ಮರುದಿನ ಅಕ್ಕಲಕೋಟೆಯ ಚಹಾ ಅಂಗಡಿಯಲ್ಲಾಗಲಿ, ಮಂಜೇಶ್ವರದ ಹೋಟೆಲಿನಲ್ಲಾಗಲಿ, ಆದೋನಿಯ ಹತ್ತಿ ಮಾರುಕಟ್ಟೆಯಲ್ಲಾಗಲಿ ಕೇಳಿಬರುವ ಮಾತು ಒಂದೇ: ‘ಸೊಂಟದಲ್ಲಿ ಒಂದು ರಿವಾಲ್ವರ್ ಇದ್ದಿದ್ದರೆ!’ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಯಾವುದು ಒಳ್ಳೆಯದು? ರಿವಾಲ್ವರೋ, ಪಿಸ್ತೂಲೋ?’

ಈ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಇದೆ, ಮುಂದೆ ನೋಡೋಣ. ಆದರೆ ಗಡಿನಾಡಿನ ಮನುಷ್ಯನಿಗೆ ಅದು ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳಿವೆ. ಲೈಸೆನ್ಸ್ ಸಿಗುತ್ತದೆಯೇ? ಸಿಕ್ಕರೆ ಅದು ಎಲ್ಲಿಯವರೆಗೆ ನಡೆಯುತ್ತದೆ? ಬೇಕಾದ ಹೊತ್ತಿನಲ್ಲಿ ಆಯುಧ ಕೈಗೆ ಬರುತ್ತದೆಯೇ? ಬೇಡವಾದ ಹೊತ್ತಿನಲ್ಲಿ ಅದು ಮನೆಯಲ್ಲಿ ಏನು ಮಾಡುತ್ತದೆ?

ಹಕ್ಕಲ್ಲ, ಅನುಮತಿ

ಆಯುಧದ ಬಗ್ಗೆ ಇಲ್ಲಿ ಹರಡಿರುವ ಎಷ್ಟೋ ಕಲ್ಪನೆಗಳು ಸಿನಿಮಾದಿಂದ, ಇಲ್ಲವೇ ಅಮೆರಿಕದ ಸುದ್ದಿಯಿಂದ ಬಂದವು. ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 23ರಂದು ನೀಡಿದ ತೀರ್ಪಿನಲ್ಲಿ, ಆತ್ಮರಕ್ಷಣೆಗಾಗಿ ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಅಲ್ಲಿನ ಪ್ರಜೆಯ ಸಂವಿಧಾನದತ್ತ ಹಕ್ಕು ಎಂದಿತು. ಭಾರತದಲ್ಲಿ ಹಾಗಿಲ್ಲ. 2023ರ ಫೆಬ್ರುವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್, ಲೈಸೆನ್ಸ್ ಇಲ್ಲದ ಆಯುಧಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಾಗ ಈ ವ್ಯತ್ಯಾಸವನ್ನೇ ಎತ್ತಿ ಹೇಳಿತು. ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ.

ಈ ಅನುಮತಿಯ ಬುನಾದಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್ ಅವರಿಗೆ. 21 ವರ್ಷ ತುಂಬಿರಬೇಕು. ಕಸುಬಿನ ಕಾರಣಕ್ಕೋ ಬೇರೆ ಕಾರಣಕ್ಕೋ ತನ್ನ ಪ್ರಾಣ ಅಥವಾ ಆಸ್ತಿಗೆ ರಕ್ಷಣೆ ನಿಜಕ್ಕೂ ಬೇಕಾಗಿದೆ ಎಂದು ಅರ್ಜಿದಾರ ತೋರಿಸಬೇಕು. ಪೊಲೀಸರ ವರದಿ ಬರಬೇಕು. ವೈದ್ಯಕೀಯ ಪ್ರಮಾಣಪತ್ರ ಬೇಕು. ಸುರಕ್ಷತಾ ತರಬೇತಿ ಮುಗಿಸಿರಬೇಕು. ಆಯುಧವನ್ನು ಮನೆಯಲ್ಲಿ ಭದ್ರವಾಗಿ ಇಡುವ ಬಗ್ಗೆ ಭರವಸೆ ಕೊಡಬೇಕು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ ದಾರಿ ಇದೆ.

2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಅಪ್ಪನ ಹೆಸರಿನ ಆಯುಧ ಅಪ್ಪ ಹೋದ ಮೇಲೆ ತಾನಾಗಿ ಮಗನದಾಗುವುದಿಲ್ಲ. ಮಗ ತನ್ನ ಹೆಸರಿನಲ್ಲಿ ಲೈಸೆನ್ಸ್ ಪಡೆಯಬೇಕು, ಅಲ್ಲಿಯವರೆಗೆ ಆಯುಧ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಇರಬೇಕು. ಗಡಿ ಹಳ್ಳಿಗಳ ಹಳೆಯ ಮನೆಗಳಲ್ಲಿ ಈ ಒಂದು ವಿಷಯ ತಿಳಿಯದೆ ಪೇಚಿಗೆ ಸಿಲುಕುವುದು ಸುಲಭ.

ಹಳ್ಳಿಗೆ ಹೊಸದಲ್ಲದ ಆಯುಧವೂ ಉಂಟು. ಕಾಸರಗೋಡು, ವಯನಾಡಿನ ಕಡೆ ‘ಕೋವಿ’ ಎಂದರೆ ಮೊದಲು ನೆನಪಾಗುವುದು ಹಂದಿ, ಮನುಷ್ಯನಲ್ಲ. ಬೆಳೆ ರಕ್ಷಣೆಗಾಗಿ ಕೊಟ್ಟ ಉದ್ದ ನಳಿಗೆಯ ಕೋವಿ ಅದು. 2022ರಲ್ಲಿ ಕೇರಳ ಸರ್ಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿದ ಮೇಲೆ ಲೈಸೆನ್ಸ್ ಇರುವ ಕೋವಿದಾರರಿಗೆ ಬೇಡಿಕೆ ಬಂತು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ಮಾತಿರುವುದು ನೆಲ, ಸಂಪ್ರದಾಯ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಬಗ್ಗೆ. ದಿನವೂ ಅಂಗಿಯ ಕೆಳಗೆ ಸಿಕ್ಕಿಸಿಕೊಂಡು ಓಡಾಡುವ ರಿವಾಲ್ವರ್ ಬೇರೆಯೇ ಜಾತಿಯದು. ಕೋವಿ ಹೊಲದಲ್ಲಿರುತ್ತದೆ, ಎಲ್ಲರಿಗೂ ಕಾಣುತ್ತದೆ. ರಿವಾಲ್ವರ್ ಜನರ ನಡುವೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅಧಿಕಾರಿಗಳು ಅದರ ಅರ್ಜಿಯನ್ನು ಹೆಚ್ಚು ಅನುಮಾನದಿಂದ ನೋಡುತ್ತಾರೆ.

ಅಂಗಡಿಯಲ್ಲಿ ಸಿಗುವುದೇನು?

ಲೈಸೆನ್ಸ್ ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ಆಯ್ಕೆ ಅಷ್ಟೇನೂ ದೊಡ್ಡದಲ್ಲ. ಸೇನೆ ಮತ್ತು ಪೊಲೀಸರು ಬಳಸುವ 9 ಎಂ.ಎಂ. ಪಿಸ್ತೂಲು ಸಾಮಾನ್ಯ ಪ್ರಜೆಗೆ ನಿಷಿದ್ಧ ಬೋರಿನ ಸಾಲಿನದು. ವಿದೇಶಿ ಆಯುಧಗಳ ಆಮದು ಸಾಮಾನ್ಯರಿಗೆ 1980ರ ದಶಕದ ಮಧ್ಯಭಾಗದಿಂದ ಮುಚ್ಚಿದೆ. ಅಂದಿಗೂ ಮೊದಲು ಬಂದ ಹಳೆಯ ವಿದೇಶಿ ರಿವಾಲ್ವರುಗಳು ಕೈಯಿಂದ ಕೈಗೆ ಹೋಗುತ್ತಾ ಅವುಗಳ ಬೆಲೆ ಗಗನಕ್ಕೇರಿದ್ದೂ ಇದೇ ಕಾರಣಕ್ಕೆ. ಉಳಿದದ್ದು ಮುಖ್ಯವಾಗಿ ಪಾಯಿಂಟ್ 32 ಮತ್ತು ಪಾಯಿಂಟ್ 22 ಬೋರಿನ ದೇಶಿ ಆಯುಧಗಳು.

ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಮಹಿಳೆಯರಿಗೆಂದೇ ಹೊರತಂದಿತು. ತೂಕ ಸುಮಾರು ಅರ್ಧ ಕಿಲೋ. ಆಗಿನ ಬೆಲೆ 1,22,360 ರೂಪಾಯಿ. ಯಾವ ಕೂಲಿ ಹೆಣ್ಣುಮಗಳು, ಯಾವ ಶಾಲಾ ಶಿಕ್ಷಕಿ ಅಷ್ಟು ಹಣ ಕೊಟ್ಟು ಅದನ್ನು ಕೊಳ್ಳಬೇಕು ಎಂದು ಅಂದೇ ಹಲವರು ಕೇಳಿದರು. 2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಕಾರ್ಖಾನೆಗಳು ಏಳು ಕಂಪನಿಗಳಾಗಿ ಒಡೆದ ಮೇಲೆ, ಅವುಗಳಲ್ಲಿ ಒಂದಾದ ಕಾನ್ಪುರದ ಕಂಪನಿ 2023ರ ಆಗಸ್ಟಿನಲ್ಲಿ ‘ಪ್ರಬಲ್’ ಎಂಬ ಪಾಯಿಂಟ್ 32 ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟಿತು. ಗುಂಡು ತುಂಬದಾಗ ಅದರ ತೂಕ ಸುಮಾರು 700 ಗ್ರಾಂ, ನಳಿಗೆಯ ಉದ್ದ 76 ಮಿಲಿಮೀಟರ್. ಗುಂಡುಗಳ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ಹಳೆಯದಕ್ಕಿಂತ ಬೇಗ ತುಂಬಬಹುದು.

ರಿವಾಲ್ವರೋ ಪಿಸ್ತೂಲೋ ಎಂಬ ಪ್ರಶ್ನೆಗೆ ಬಲ್ಲವರ ಉತ್ತರ ಸರಳ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಗುಂಡು. ಉಪಕರಣ ಸರಳ. ವರ್ಷಗಟ್ಟಲೆ ಹೆಚ್ಚು ಬಳಸದವನ ಕೈಯಲ್ಲೂ ಕೆಲಸ ಕೆಡುವುದು ಕಡಿಮೆ. ಒಂದು ಗುಂಡು ಹಾರದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನದು ಬರುತ್ತದೆ. ಪಿಸ್ತೂಲು ಚಪ್ಪಟೆ, ಅಂಗಿಯಡಿ ಉಬ್ಬು ಕಾಣುವುದಿಲ್ಲ, ಗುಂಡೂ ಹೆಚ್ಚು. ಆದರೆ ಮ್ಯಾಗಜಿನ್, ಸೇಫ್ಟಿ, ಸಿಕ್ಕಿಬಿದ್ದ ತೋಟೆಯನ್ನು ಬಿಡಿಸುವುದು ಇವೆಲ್ಲ ಕೈಗೆ ಅಭ್ಯಾಸವಾಗಿರಬೇಕು. ‘ಮ್ಯಾಗಜಿನ್ ತೆಗೆದೆ, ಖಾಲಿಯಾಯಿತು’ ಎಂದುಕೊಂಡವನು ನಳಿಗೆಯೊಳಗೆ ಉಳಿದ ಒಂದು ಗುಂಡನ್ನು ಮರೆಯುತ್ತಾನೆ. ಮನೆಯೊಳಗಿನ ಅಪಘಾತಗಳ ಹಳೆಯ ದಾರಿ ಅದು.

ಇನ್ನೊಂದು ಇಕ್ಕಟ್ಟು ತೂಕದ್ದು. ದಿನವಿಡೀ ಹೊರಲು ಹಗುರವಾದದ್ದೇ ಬೇಕು. ಆದರೆ ಹಗುರವಾದ, ಗಿಡ್ಡ ನಳಿಗೆಯ ಆಯುಧ ಹಾರಿಸುವಾಗ ಕೈಯನ್ನು ಜೋರಾಗಿ ಒದೆಯುತ್ತದೆ, ಗುರಿ ತಪ್ಪಿಸುತ್ತದೆ. ಪಾಯಿಂಟ್ 22 ಒದೆಯುವುದಿಲ್ಲ, ಆದರೆ ಎದುರಿಗೆ ಬರುವವನನ್ನು ನಿಲ್ಲಿಸುವ ಬಲ ಅದಕ್ಕೆ ಕಡಿಮೆ. ಇದರ ಮೇಲೆ ನಮ್ಮ ಉಡುಪಿನ ಪ್ರಶ್ನೆ. ಆಯುಧವನ್ನು ಸಾರ್ವಜನಿಕ ಜಾಗದಲ್ಲಿ ತೋರಿಸಿಕೊಂಡು ತಿರುಗುವಂತಿಲ್ಲ, ಚೀಲದಲ್ಲಿ ಮುಚ್ಚಿರಬೇಕು. ಗಟ್ಟಿ ಬೆಲ್ಟು, ಉದ್ದ ಕೋಟು ಹಾಕುವ ಚಳಿ ದೇಶದವರಿಗೆ ಅದು ಸುಲಭ. ಪಂಚೆ ಉಟ್ಟು ಅಡಿಕೆ ತೋಟಕ್ಕೆ ಹೋಗುವವನು, ಧೋತರ ಉಟ್ಟು ಸಂತೆಗೆ ಬರುವವನು, ಮೇ ತಿಂಗಳ ಬಿಸಿಲಲ್ಲಿ ತೆಳು ಅಂಗಿ ತೊಟ್ಟು ಬೈಕ್ ಓಡಿಸುವವನು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಕೊನೆಗೆ ಅದು ಬೈಕಿನ ಡಿಕ್ಕಿಗೋ ಕೈಚೀಲದ ತಳಕ್ಕೋ ಸೇರುತ್ತದೆ. ಅಲ್ಲಿಗೆ ಸೇರಿದ ಆಯುಧ ಕಳ್ಳನಿಗೆ ಸಿಕ್ಕಷ್ಟು ಸುಲಭವಾಗಿ ಮಾಲೀಕನಿಗೆ ಸಿಗುವುದಿಲ್ಲ.

ಅಭ್ಯಾಸವೂ ಅಷ್ಟೆ. ಎಷ್ಟು ಗುಂಡು ಕೊಳ್ಳಬಹುದು ಎಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಗುಂಡು ಅಗ್ಗವಲ್ಲ. ಗುರಿ ಅಭ್ಯಾಸದ ಜಾಗ ಹಳ್ಳಿಯ ಹತ್ತಿರ ಇರುವುದಿಲ್ಲ. ಹೊಲದಲ್ಲಿ ಹಾರಿಸಿ ನೋಡುವುದು ಅಪರಾಧಕ್ಕೆ ಆಹ್ವಾನ. ಕೊಂಡ ದಿನ ಹಿಡಿದು ನೋಡಿ, ಆಯುಧಪೂಜೆಯ ದಿನ ಕುಂಕುಮ ಇಟ್ಟು, ಉಳಿದ ದಿನ ಕಪಾಟಿನಲ್ಲಿಟ್ಟ ರಿವಾಲ್ವರ್ ಆಪತ್ತಿನಲ್ಲಿ ಯಾರನ್ನು ಕಾಯಬೇಕು?

ಕಲ್ಲು ದಾಟಿದರೆ ಕಳ್ಳ

ಇವೆಲ್ಲ ಯಾವ ಊರಿನವರಿಗೂ ಅನ್ವಯಿಸುವ ಮಾತು. ಗಡಿನಾಡಿನವರಿಗೆ ಮಾತ್ರ ಇರುವ ತೊಡಕು ಬೇರೊಂದು. ಪ್ರತಿ ಲೈಸೆನ್ಸಿನ ಮೇಲೂ ಅದು ಯಾವ ಪ್ರದೇಶದಲ್ಲಿ ನಡೆಯುತ್ತದೆ ಎಂದು ಬರೆದಿರುತ್ತದೆ. ಅದು ಒಂದು ಜಿಲ್ಲೆಗೆ, ಒಂದು ರಾಜ್ಯಕ್ಕೆ ಸೀಮಿತವಾಗಿರಬಹುದು. ದೇಶವಿಡೀ ನಡೆಯುವ ಲೈಸೆನ್ಸ್ ಎಲ್ಲರಿಗೂ ಸಿಗುವಂಥದ್ದಲ್ಲ. ಆ ಪ್ರದೇಶದ ಆಚೆಗೆ ಆಯುಧ ಒಯ್ದರೆ ಷರತ್ತು ಮುರಿದಂತೆ. ಕೇಸು ಬೀಳಬಹುದು, ಲೈಸೆನ್ಸೂ ಹೋಗಬಹುದು.

ಗಡಿಯ ಬದುಕನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಾಳವಾಡಿಯವನಿಗೆ ಲೈಸೆನ್ಸ್ ಕೊಡುವುದು ದಿಂಬಂ ಘಾಟಿಯ ಕೆಳಗಿನ ಈರೋಡು. ಅವನು ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವುದು ಚಾಮರಾಜನಗರಕ್ಕೆ. ಹೊಸೂರಿನವನ ಕೆಲಸ ಅತ್ತಿಬೆಲೆಯ ಆಚೆ. ಮಂಜೇಶ್ವರದವನ ಕಾಲೇಜು, ಆಸ್ಪತ್ರೆ, ಅಡಿಕೆ ವ್ಯಾಪಾರ ಎಲ್ಲ ತಲಪಾಡಿ ದಾಟಿ ಮಂಗಳೂರಿನಲ್ಲಿ. ಅಕ್ಕಲಕೋಟೆಯವನ ಮಗಳ ಮನೆ ಅಫಜಲಪುರದಲ್ಲಿ, ಜತ್ತದವನ ದ್ರಾಕ್ಷಿ ವ್ಯವಹಾರ ವಿಜಯಪುರದಲ್ಲಿ, ಆದೋನಿಯವನದು ಸಿರಿಗುಪ್ಪದಲ್ಲಿ, ಮಡಕಶಿರದವನದು ಪಾವಗಡ, ಶಿರಾದಲ್ಲಿ. ಕೆಲವರ ಮನೆ ಒಂದು ರಾಜ್ಯದಲ್ಲಿ, ಬಾವಿ ಇನ್ನೊಂದು ರಾಜ್ಯದಲ್ಲಿ.

ಇವರ ಪಾಲಿಗೆ ‘ದಿನನಿತ್ಯ ಒಯ್ಯುವ ಆಯುಧ’ ಎಂಬ ಮಾತೇ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಈಚೆ ಗೌರವಸ್ಥ ಲೈಸೆನ್ಸುದಾರ, ಕಲ್ಲು ದಾಟಿದ ಕೂಡಲೇ ಆರೋಪಿ. ಹಣ ಹಿಡಿದು ಮಾರುಕಟ್ಟೆಯಿಂದ ಮರಳುವ ರಾತ್ರಿ, ನಿರ್ಜನ ರಸ್ತೆ, ಗಡಿಯ ಆಸುಪಾಸು, ಇವೇ ಭಯದ ಜಾಗಗಳು. ಲೈಸೆನ್ಸ್ ಕೈಬಿಡುವುದೂ ಅಲ್ಲೇ. ಚಡಚಣದ ದರೋಡೆಕೋರರಿಗೆ ಯಾವ ರಾಜ್ಯದ ಮುದ್ರೆಯೂ ಬೇಕಿರಲಿಲ್ಲ. ಕಾನೂನು ಮುರಿಯುವವನಿಗೆ ಗಡಿ ಎಂದರೆ ಬಾಗಿಲು, ಪಾಲಿಸುವವನಿಗೆ ಗೋಡೆ. ಇಡೀ ಚರ್ಚೆಯ ತಿರುಳು ಇಷ್ಟೇ.

ಚುನಾವಣೆ ಬಂತೆಂದರೆ ಇನ್ನೊಂದು ಸುತ್ತು. ನೀತಿ ಸಂಹಿತೆ ಜಾರಿಯಾದಾಗ ಲೈಸೆನ್ಸುದಾರರ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಿಸಲಾಗುತ್ತದೆ. ಯಾರಿಗೆ ವಿನಾಯಿತಿ ಎಂಬುದನ್ನು ಜಿಲ್ಲೆಯ ಪರಿಶೀಲನಾ ಸಮಿತಿ ನಿರ್ಧರಿಸುತ್ತದೆ. ಗಡಿಯವನಿಗೆ ತನ್ನ ರಾಜ್ಯದ ಚುನಾವಣೆಯ ಜೊತೆ ಪಕ್ಕದ ರಾಜ್ಯದ ಚುನಾವಣೆಯ ಬಿಸಿಯೂ ತಟ್ಟುತ್ತದೆ. ಚೆಕ್‌ಪೋಸ್ಟ್ ತೆರೆಯುತ್ತವೆ, ಬ್ಯಾಗು, ಡಿಕ್ಕಿ ತಪಾಸಣೆಯಾಗುತ್ತದೆ. ಅಡಿಕೆ ಮಾರಿದ ಹಣಕ್ಕೇ ಲೆಕ್ಕ ಕೇಳುವ ಹೊತ್ತಿನಲ್ಲಿ ರಿವಾಲ್ವರಿಗೆ ಲೆಕ್ಕ ಕೊಡುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ತೊಡಕು ಬೇಡವೆಂದು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಬಿಹಾರದ ಮುಂಗೇರಿನಿಂದ, ಮಧ್ಯಪ್ರದೇಶದ ಬಡವಾನಿ, ಖರಗೋನ್ ಕಡೆಯಿಂದ ಬರುವ ಕಂಟ್ರಿ ಪಿಸ್ತೂಲಿನ ಕಥೆ ಭೀಮಾ ತೀರದವರಿಗೆ ಹೊಸದಲ್ಲ. ಅದು ಎದುರಿನವನ ಎದೆಗೆ ಬೀಳುವುದೋ ಹಿಡಿದವನ ಕೈಯಲ್ಲೇ ಸಿಡಿಯುವುದೋ ಹೇಳಲಾಗದು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡದ್ದಕ್ಕೇ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಆತ್ಮರಕ್ಷಣೆಗೆಂದು ಕೊಂಡೆ ಎಂಬ ಮಾತು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕ್ಷಣದ ಲೆಕ್ಕ, ಕೋರ್ಟಿನ ಲೆಕ್ಕ

ಆಯುಧ ಇದ್ದರೂ ಅದನ್ನು ಬಳಸುವ ಸಮಯ ಸಿಗುತ್ತದೆಯೇ? 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಬೆಳಗಿನ ನಡಿಗೆಯಲ್ಲಿದ್ದರು. 2015ರ ಫೆಬ್ರುವರಿ 16ರಂದು ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಪತ್ನಿಯೊಂದಿಗೆ ನಡಿಗೆ ಮುಗಿಸಿ ಮರಳುತ್ತಿದ್ದರು. ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು ಬಾಗಿಲು ಬಡಿದವರನ್ನು ಕಾಣಲು ಹೊರಬಂದಿದ್ದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಕಚೇರಿಯಿಂದ ಬಂದು ಮನೆಯ ಗೇಟಿನ ಬಳಿ ಇದ್ದರು. ನಾಲ್ಕರಲ್ಲೂ ಕೊಲೆಗಾರ ಹತ್ತಿರ ಬಂದು, ಎದುರಿನವರಿಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಗುಂಡು ಹಾರಿಸಿದ. ಮೊದಲೇ ತೀರ್ಮಾನ ಮಾಡಿಕೊಂಡು ಬಂದವನಿಗೆ ಸಿಗುವ ಆ ಒಂದೆರಡು ಕ್ಷಣದ ಲಾಭವನ್ನು ಸೊಂಟದ ರಿವಾಲ್ವರ್ ಸುಲಭವಾಗಿ ಕಸಿಯಲಾರದು.

ಹಾಗಾದರೆ ಕಾನೂನು ಪ್ರಜೆಯ ಕೈ ಕಟ್ಟಿದೆಯೇ? ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಹಳೆಯ ದಂಡ ಸಂಹಿತೆಯ 96ರಿಂದ 106ರವರೆಗೆ ಇದ್ದದ್ದೇ ಹೊಸ ಸಂಖ್ಯೆಯಲ್ಲಿ ಬಂದಿದೆ. ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ನಿಜವಾದ ಭಯವಿದ್ದಾಗ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ, ಆಸ್ತಿಯ ವಿಷಯದಲ್ಲಿ ದರೋಡೆ, ರಾತ್ರಿ ಕನ್ನದಂಥ ಸಂದರ್ಭಗಳಲ್ಲಿ ಎದುರಿನವನ ಸಾವಿಗೆ ಕಾರಣವಾದರೂ ಕಾನೂನು ಕ್ಷಮಿಸಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಅಪಾಯ ಮುಗಿದ ಮೇಲೆ, ಬೆನ್ನು ತಿರುಗಿಸಿ ಓಡುವವನ ಮೇಲೆ ಹಾರಿಸಿದ ಗುಂಡಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಆತ್ಮರಕ್ಷಣೆಗೇ ಹಾರಿಸಿದೆ ಎಂದು ತೋರಿಸುವ ಹೊರೆ ಹಾರಿಸಿದವನ ಮೇಲೇ ಇರುತ್ತದೆ. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕಿಲ್ಲ, ನಂಬುವಷ್ಟು ಸಂಭವನೀಯ ಎಂದು ಕೋರ್ಟಿಗೆ ಮನವರಿಕೆಯಾದರೆ ಸಾಕು ಎಂಬುದೊಂದು ಸಮಾಧಾನ. ಆದರೂ ಆಯುಧ ಪೊಲೀಸರ ವಶಕ್ಕೆ ಹೋಗುತ್ತದೆ, ಮನುಷ್ಯ ವಕೀಲರ ಕಚೇರಿಗೆ ಅಲೆಯುತ್ತಾನೆ. ಘಟನೆ ಕ್ಷಣದ್ದು, ಕೋರ್ಟಿನ ಲೆಕ್ಕ ವರ್ಷಗಳದ್ದು. ಅದೂ ಎರಡು ರಾಜ್ಯಗಳ ನಡುವಿನ ಜಾಗದಲ್ಲಿ ನಡೆದರೆ ಪೊಲೀಸರ ಭಾಷೆ ಒಂದು, ಹೇಳಿಕೆ ಕೊಡುವವನ ಭಾಷೆ ಇನ್ನೊಂದು. ಅರ್ಥವಾಗದ ಲಿಪಿಯಲ್ಲಿ ಬರೆದ ಹೇಳಿಕೆಗೆ ರುಜು ಹಾಕಿ ಆಮೇಲೆ ಪಶ್ಚಾತ್ತಾಪಪಡುವುದಕ್ಕಿಂತ, ಓದಿಸಿ ಹೇಳಿ ಎಂದು ಕೇಳುವುದು ಒಳ್ಳೆಯದು.

ಮನೆಯೊಳಗಿನ ಶತ್ರು

ಕಳ್ಳ ಬರುವುದು ಎಂದೋ ಒಂದು ರಾತ್ರಿ. ಬರದೆಯೂ ಇರಬಹುದು. ಆಯುಧ ಮಾತ್ರ ಪ್ರತಿ ರಾತ್ರಿ ಮನೆಯಲ್ಲಿರುತ್ತದೆ. ಮಕ್ಕಳು ಕಪಾಟು ತೆರೆಯುತ್ತಾರೆ. ಬೆಳೆ ಹೋದ ವರ್ಷ ಸಾಲಗಾರರ ಕಾಟದಲ್ಲಿ ಮನಸ್ಸು ಕುಸಿದವನೂ ಅದೇ ಮನೆಯಲ್ಲಿರುತ್ತಾನೆ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಕುಡಿದ ಅಮಲು, ಇವೆಲ್ಲ ಹಳ್ಳಿಯಲ್ಲಿ ದರೋಡೆಗಿಂತ ಹೆಚ್ಚು ಸಲ ಮನೆ ಬಾಗಿಲಿಗೆ ಬರುತ್ತವೆ. ಕೋಪದ ಕೈಯಲ್ಲಿ ಬಡಿಗೆ ಇದ್ದರೆ ತಲೆ ಒಡೆದೀತು, ಹೊಲಿಗೆ ಹಾಕಬಹುದು. ರಿವಾಲ್ವರ್ ಇದ್ದರೆ ಹೊಲಿಗೆಗೆ ಅವಕಾಶವಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಬಂದೂಕುಗಳಿರುವ ಅಮೆರಿಕದ ಅಂಕಿ ಈ ವಿಷಯದಲ್ಲಿ ಪಾಠವಾಗಬಹುದು. 2021ರಲ್ಲಿ ಅಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು ಕಳ್ಳನ ಗುಂಡಿಗಲ್ಲ, ತಮ್ಮದೇ ಕೈಯ ಗುಂಡಿಗೆ. ನಮ್ಮಲ್ಲಿ ಅಷ್ಟು ಬಂದೂಕಿಲ್ಲ ಎಂಬುದು ಬಡತನವಲ್ಲ, ಒಂದು ಬಗೆಯ ಭಾಗ್ಯ.

ಪ್ರತಿಷ್ಠೆಯ ಪ್ರಶ್ನೆಯೂ ಇದೆ. ಮದುವೆ ದಿಬ್ಬಣದಲ್ಲಿ, ಗೆಲುವಿನ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಚಾಳಿಗೆ 2019ರ ತಿದ್ದುಪಡಿ ಹೊಸ ಶಿಕ್ಷೆ ತಂದಿತು: ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂಸತ್ತು ಪ್ರತ್ಯೇಕ ಕಲಮು ಬರೆಯಬೇಕಾಯಿತು ಎಂದರೆ, ಆತ್ಮರಕ್ಷಣೆಗೆಂದು ಪಡೆದ ಎಷ್ಟೋ ಆಯುಧಗಳು ಯಾವುದಕ್ಕೆ ಬಳಕೆಯಾಗುತ್ತಿದ್ದವು ಎಂಬುದು ಸ್ಪಷ್ಟ.

ಯಾರಿಗೂ ಬೇಡವೇ?

ಹಾಗೆಂದು ರಿವಾಲ್ವರ್ ಯಾರಿಗೂ ಬೇಡ ಎನ್ನುವುದು ಮನೆಯಲ್ಲಿ ಬೆಚ್ಚಗೆ ಕೂತವರ ಮಾತಾದೀತು. ಕೊಲೆ ಪ್ರಕರಣದಲ್ಲಿ ಸಾಕ್ಷಿ ಹೇಳಿ ಬೆದರಿಕೆಯ ನಡುವೆ ಬದುಕುವವನಿದ್ದಾನೆ. ಚಿನ್ನ ಹಿಡಿದು ಊರೂರು ತಿರುಗುವ ವ್ಯಾಪಾರಿಯಿದ್ದಾನೆ. ಠಾಣೆಯಿಂದ ಗಂಟೆಗಟ್ಟಲೆ ದೂರದ ಎಸ್ಟೇಟಿನಲ್ಲಿ ಒಂಟಿ ಮನೆಯಿದೆ. ಇಂಥವರ ಅರ್ಜಿಯನ್ನು ಕಾನೂನು ಕೇಳಲೇಬೇಕು. ಅವರು ಮಾಡಬೇಕಾದ ಆಯ್ಕೆಯ ಕ್ರಮ ಮಾತ್ರ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಶುರುವಾಗಬಾರದು. ಮೊದಲು ಲೈಸೆನ್ಸಿನ ಮೇಲೆ ಬರೆದ ಪ್ರದೇಶ, ತಾನು ದಿನವೂ ಓಡಾಡುವ ದಾರಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ವಿಸ್ತರಣೆಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಬೇಕು. ಮನೆಯಲ್ಲಿ ಬೀಗ ಹಾಕಿ ಇಡುವ ಜಾಗ ಮಾಡಬೇಕು. ಮನೆಯವರೆಲ್ಲರ ಒಪ್ಪಿಗೆ, ವಿಶೇಷವಾಗಿ ಹೆಂಗಸರ ಮಾತು ಕೇಳಬೇಕು. ಅಭ್ಯಾಸಕ್ಕೆ ಜಾಗ ಹುಡುಕಬೇಕು. ಆಮೇಲೆ ಬರುತ್ತದೆ ಬೋರು, ತೂಕ, ಬೆಲೆ. ಆಗ ತನ್ನ ಕೈಗೆ ಕೂರುವ, ತಾನು ಕಣ್ಣು ಮುಚ್ಚಿ ತೆರೆದು ಖಾಲಿ ಮಾಡಬಲ್ಲ ಸರಳ ಆಯುಧವೇ ಒಳ್ಳೆಯದು.

ಉಳಿದ ಬಹುಪಾಲು ಜನರಿಗೆ ಬೇಕಿರುವುದು ಬೇರೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಯಾರ ವ್ಯಾಪ್ತಿಯಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ‘ಇದು ಮಹಾರಾಷ್ಟ್ರದ ಕೇಸು, ಆ ಕಡೆ ಹೋಗಿ’, ‘ಇದು ಕರ್ನಾಟಕದ ಜಾಗ, ನಮಗೆ ಬರುವುದಿಲ್ಲ’ ಎಂದು ಸಾಗಹಾಕುವಂತಿಲ್ಲ. ಗಡಿಯವರಿಗೆ ಇದಕ್ಕಿಂತ ಉಪಯೋಗದ ಕಾನೂನು ಇನ್ನೊಂದಿಲ್ಲ. ಅದೇ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಸಾಕ್ಷಿ ರಕ್ಷಣೆಯ ಯೋಜನೆ ಮಾಡಬೇಕು ಎನ್ನುತ್ತದೆ. ಬೆದರಿಕೆಗೆ ಒಳಗಾದವನು ರಿವಾಲ್ವರಿಗೆ ಅರ್ಜಿ ಹಾಕುವ ಮೊದಲು ಕೇಳಬೇಕಾದ ರಕ್ಷಣೆ ಅದು.

ಗಡಿಯ ಎರಡೂ ಬದಿಯ ಠಾಣೆಗಳು ಒಂದೇ ರಾತ್ರಿ ಗಸ್ತು ತಿರುಗುವಂತಾದರೆ, ಒಂದು ರಾಜ್ಯದ 112ಕ್ಕೆ ಹೋದ ಕರೆ ಪಕ್ಕದ ರಾಜ್ಯದ ಹತ್ತಿರದ ಠಾಣೆಗೆ ತಡವಿಲ್ಲದೆ ತಲುಪಿದರೆ, ಚೆಕ್‌ಪೋಸ್ಟಿನ ಕ್ಯಾಮರಾ ಚುನಾವಣೆ ಮುಗಿದ ಮೇಲೂ ಕಣ್ಣು ತೆರೆದಿದ್ದರೆ, ಚಹಾ ಅಂಗಡಿಯ ಮಾತು ರಿವಾಲ್ವರಿನ ಕಡೆ ತಿರುಗುವುದು ತಾನಾಗಿ ಕಡಿಮೆಯಾದೀತು. ಜನ ಆಯುಧದ ಬಗ್ಗೆ ಕೇಳುತ್ತಿದ್ದಾರೆ ಎಂದರೆ ಅವರಿಗೆ ಆಯುಧದ ಮೋಹ ಹುಟ್ಟಿದೆ ಎಂದಲ್ಲ, ಕರೆದರೆ ಯಾರಾದರೂ ಬರುತ್ತಾರೆ ಎಂಬ ನಂಬಿಕೆ ಸವೆದಿದೆ ಎಂದು ಅರ್ಥ. ಆ ನಂಬಿಕೆಯನ್ನು ಕಾನ್ಪುರದ ಕಾರ್ಖಾನೆ ತಯಾರಿಸಲಾರದು.

ಸೊಂಟದ ರಿವಾಲ್ವರ್ ಗಡಿಯ ಕಲ್ಲಿನ ತನಕ ಜೊತೆಗೆ ಬರುತ್ತದೆ. ಕಳ್ಳ ಕಲ್ಲು ದಾಟಿ ಹೋಗುತ್ತಾನೆ. ಅವನ ಹಿಂದೆ ಕಲ್ಲು ದಾಟಿ ಹೋಗಬಲ್ಲವರು ಪೊಲೀಸರು ಮಾತ್ರ. ಅವರು ದಾಟುತ್ತಾರೆಯೇ, ಎಷ್ಟು ಬೇಗ ದಾಟುತ್ತಾರೆ ಎಂಬುದನ್ನು ಗಡಿನಾಡಿನವರು ಎರಡೂ ಕಡೆಯ ಸರ್ಕಾರಗಳನ್ನು ಎರಡೂ ಭಾಷೆಗಳಲ್ಲಿ ಕೇಳಬೇಕಾಗಿದೆ.